ಒಳಲೆಯ ಮೇಲಿನ ಹಲ್ಲುಗುರುತು

ನಮ್ಮ ಮನೆಯ ಅಡುಗೆಕೋಣೆಯ ಗೂಡಿನಲ್ಲಿ, ಉಪ್ಪಿನ ಮರಿಗೆಗೂ ದೀಪದ ಬತ್ತಿಯ ಡಬ್ಬಿಗೂ ನಡುವೆ, ಬೆಳ್ಳಿಯದೊಂದು ಒಳಲೆ ಇದೆ. ಎಳೆಯ ಮಕ್ಕಳಿಗೆ ಹಾಲು ಹಾಕುವ, ಅಂಗೈಯೊಳಗೆ ಅಡಗುವಷ್ಟು ಚಿಕ್ಕ, ಉದ್ದ ಮೂತಿಯ ಪಾತ್ರೆ; ನಿಮ್ಮ ಮನೆಯಲ್ಲೂ ಒಂದಿದ್ದೀತು, ಬೆಳ್ಳಿಯದಲ್ಲದಿದ್ದರೆ ಹಿತ್ತಾಳೆಯದು. ನಮ್ಮದು ನಮ್ಮವ್ವನ ತವರಿನಿಂದ ಬಂದದ್ದು; ನಾನೂ ಅದರಲ್ಲೇ ಹಾಲು ಕುಡಿದು, ಅದರಿಂದಲೇ ಗಂಟಲಿಗಿಳಿದ ಹರಳೆಣ್ಣೆಗೆ ಕೇರಿ ಒಂದಾಗುವಂತೆ ಅತ್ತು ಬೆಳೆದವನು. ಅದರ ಮೂತಿಯ ಮೇಲೆ, ಮೇಲೊಂದು ಸಾಲು ಕೆಳಗೊಂದು ಸಾಲು, ಸಣ್ಣ ಸಣ್ಣ ಕುಳಿಗಳಿವೆ. ಮನೆಗೆ ಬಂದ ಹೆಂಗಸರು ಅದನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು ತಿರುಗಿಸಿ, "ಇದೇನ್ರಿ, ಹಿಂಗೆ ಚುಚ್ಚಿದಂಗೈತೆ?" ಎಂದು ಕೇಳುತ್ತಾರೆ. ಆಗ ನಮ್ಮ ಮನೆಯಲ್ಲಿ ಎಲ್ಲರಿಗೂ ಒಮ್ಮೆಲೇ ಬೇರೆ ಬೇರೆ ಕೆಲಸ ನೆನಪಾಗುತ್ತದೆ. ನೀವು ಮನೆಗೆ ಬಂದವರಲ್ಲ, ನಿಮ್ಮ ಪಾಡಿಗೆ ಓದುತ್ತಾ ಕುಳಿತವರು. ನಿಮಗೆ ಹೇಳಿದರೆ ತಪ್ಪಿಲ್ಲ. ಹೇಳದೆ ಹೇಳದೆ ನನಗೂ ಸಾಕುಸಾಕಾಗಿದೆ.

ಆ ಕುಳಿಗಳು ಒಂದು ಉಡದ ಹಲ್ಲಿನವು. ಹೌದು, ಅದೇ ಉಡ. ಬೇಲಿ ಸಂದಿಯಲ್ಲಿ ಸರಸರನೆ ಮಾಯವಾಗುವ, ದುರ್ಗದ ಕೋಟೆಯ ಕಥೆಗಳಲ್ಲಿ ಸೈನಿಕರು ಅದರ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆಗೆ ಎಸೆದು, ಆ ಹಗ್ಗ ಹಿಡಿದು ಮೇಲೆ ಹತ್ತುವ ಉಡ. ಊರಿನಲ್ಲಿ ಜನ ಗಿಳಿ ಸಾಕುತ್ತಾರೆ, ಗೊರವಂಕ ಸಾಕುತ್ತಾರೆ, ತೀರ ಹುಚ್ಚು ಹಿಡಿದವರು ಮುಂಗುಸಿ ಸಾಕುತ್ತಾರೆ. ಹೊಳಲ್ಕೆರೆಯ ಕನ್ನಡ ಶಾಲೆಯ ಮೇಷ್ಟ್ರಾಗಿ, ನಾಲ್ಕು ಜನರೆದುರು ರುಮಾಲು ಸುತ್ತಿಕೊಂಡು ಗೌರವದಿಂದ ಓಡಾಡಬೇಕಾದ ನಾನು ಉಡ ಸಾಕಿದೆ. ಸಾಕಿದೆ ಎನ್ನುವುದೂ ಸುಳ್ಳೇ. ಅದು ನನ್ನ ಹೆಂಡತಿಯ ಜೊತೆ ಬಂತು, ನಾನು ಸಹಿಸಿಕೊಂಡೆ.

ನನ್ನ ಹೆಂಡತಿ ಗೌರಿ ಯಲ್ಲದಕೆರೆಯವಳು. ಮಾರಿಕಣಿವೆಯ ಕಟ್ಟೆ ಏಳುತ್ತಿದ್ದ ಕಾಲದಲ್ಲಿ ಅವಳಪ್ಪ ಅಲ್ಲಿಗೆ ಕಲ್ಲು ಸಾಗಿಸಲು ಗಾಡಿ ಹೂಡುತ್ತಿದ್ದರು. ದಾರಿಗೆಂದು ಯಾವುದೋ ಹುತ್ತ ಕೆಡವಿದಾಗ ಸಿಕ್ಕ ಗೇಣುದ್ದದ ಮರಿಯನ್ನು ಗಾಡಿಯಾಳೊಬ್ಬ ತಂದು ಈ ಮಹಾರಾಯ್ತಿಯ ಕೈಗಿಟ್ಟನಂತೆ. ಅವಳು ನಮ್ಮ ಮನೆ ತುಂಬಿದ ದಿನ, ಮಡಿಲಕ್ಕಿ, ಕೊಬ್ಬರಿ, ಬಳೆಗಳ ಬುಟ್ಟಿಯ ಪಕ್ಕದಲ್ಲಿ ಬಟ್ಟೆ ಮುಚ್ಚಿದ ಇನ್ನೊಂದು ಬುಟ್ಟಿ ಇತ್ತು. ಹೋಳಿಗೆಯಿರಬೇಕೆಂದು ಆಸೆಯಿಂದ ಬಟ್ಟೆ ಸರಿಸಿದವನು ನಾನೇ. ಸೀಳು ನಾಲಿಗೆ ಹೊರಚಾಚಿ ನನ್ನ ಕಡೆ ನೋಡಿದ ಆ ಮುಖವನ್ನು ಕಂಡ ಮೇಲೆ ಮೂರು ದಿನ ನನಗೆ ಹೋಳಿಗೆ ರುಚಿಸಲಿಲ್ಲ.

ಉಡ ಹೊಕ್ಕ ಮನೆಯನ್ನೇ ಬಿಟ್ಟುಹೋಗಬೇಕು ಎನ್ನುವ ಸೀಮೆ ನಮ್ಮದು. ಅವ್ವ ಗಾಬರಿಬಿದ್ದು ಮಠದ ಅಯ್ಯನವರ ಹತ್ತಿರ ಓಡಿದಳು. ಅವರು ದೊಡ್ಡ ಮನಸ್ಸಿನವರು. "ತಾನಾಗಿ ಹೊಕ್ಕರೆ ಅಪಶಕುನ, ಸೊಸೆ ಜೊತೆ ಬುಟ್ಟ್ಯಾಗೆ ಕುಂತು ಬಂದಿದ್ದು ಬಳುವಳಿ. ಇರ್ಲಿ ಬಿಡ್ರವ್ವ. ಆದ್ರೆ ಲಿಂಗವಂತರ ಮನೆ, ನೀವು ಉಣ್ಣೋದನ್ನೇ ಅದೂ ಉಣ್ಣಲಿ" ಎಂದು ವಿಭೂತಿ ಕೊಟ್ಟು ಕಳಿಸಿದರು. ಅಲ್ಲಿಂದ ಆರು ವರ್ಷ ಆ ಪ್ರಾಣಿ ನಮ್ಮ ಹಿತ್ತಲಿನಲ್ಲಿ, ಹಣೆಯ ಮೇಲೆ ವಿಭೂತಿ ಹಚ್ಚಿಸಿಕೊಂಡು, ಬೆಳಗಿನ ಬಿಸಿಲಿಗೆ ಹೊಟ್ಟೆ ಚೆಲ್ಲಿಕೊಂಡು ಬಿದ್ದಿರುತ್ತಿತ್ತು. ಆ ಠೀವಿ ನೋಡಿ ಗೌರಿ ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟಳು. ನಾನು ಶಾಲೆಯಲ್ಲಿ ಗಂಟಲು ಹರಿದುಕೊಂಡು ಬಂದರೆ ಸಾವ್ಕಾರ ಅರ್ಧ ಕಣ್ಣು ತೆರೆದು, ಇವನ್ಯಾರೋ ಎಂಬಂತೆ ನೋಡಿ ಮತ್ತೆ ಮುಚ್ಚುತ್ತಿತ್ತು.

ಅವ್ವನಿಗೆ ಮಾತ್ರ ಅದು ಬರಬರುತ್ತಾ ಹೆಮ್ಮೆಯ ವಸ್ತುವಾಯಿತು. ಬೆಳಗಾದರೆ ಒಂದು ಬಟ್ಟಲು ಹಾಲು, ಎರಡು ಬಾಳೆಹಣ್ಣು. ಬಟ್ಟಲು ಮಧ್ಯಾಹ್ನದೊಳಗೆ ಖಾಲಿ. "ನಮ್ಮ ಸಾವ್ಕಾರ ಶಿವಭಕ್ತ ಕಣ್ರಿ, ಹುಳ ಹುಪ್ಪಟೆ ಕಂಡ್ರೆ ಮುಖ ತಿರುವ್ತಾನೆ" ಎಂದು ಅವಳು ಬೀಗುವಳು. ನೋಡಲು ಹೊಸದುರ್ಗದಿಂದಲೂ ನೆಂಟರು ಬರುವರು. ಬೆಳಿಗ್ಗೆ ಗೌರಿ ಬಟ್ಟಲು ಹಿಡಿದು ಹಿತ್ತಲಿಗೆ ಹೋದಳೆಂದರೆ ಅವ್ವ ಶಿವಪೂಜೆಗೆ ಕೂರುವಳು. ಆ ಪೂಜೆಯೋ, ಮುಗಿಯುವ ಮಾತೇ ಇಲ್ಲ. ಅವಳು ಏಳದೆ ರೊಟ್ಟಿ ತಟ್ಟುವವರಿಲ್ಲ, ರೊಟ್ಟಿಯಿಲ್ಲದೆ ನಾನು ಹೊರಡುವಂತಿಲ್ಲ. ಆರು ವರ್ಷ ನಾನು ಓಡುತ್ತಲೇ ಶಾಲೆ ಸೇರಿದವನು. ಶಿವನಿಗೂ ಗಡಿಯಾರಕ್ಕೂ ಆಗಿಬರುವುದಿಲ್ಲವೆಂದು ಗೊಣಗಿಕೊಂಡು ಸುಮ್ಮನಿದ್ದೆ.

ಹೀಗಿರುವಾಗ, ಎಲ್ಲರೂ ಹರಕೆ ಹೊತ್ತು ಹೊತ್ತು ಕೈಬಿಟ್ಟ ಮೇಲೆ, ಗೌರಿ ಬಸುರಾದಳು. ಏಳನೆಯ ತಿಂಗಳಲ್ಲಿ ಕುಬಸ ಮುಗಿಸಿ, ಕಾರ್ತಿಕದಲ್ಲಿ ಅವಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸಿದೆವು. ಗಾಡಿ ಹತ್ತುವ ಮುಂಚೆ ಅವಳು ನನ್ನನ್ನು ಬದಿಗೆ ಕರೆದು, "ಸಾವ್ಕಾರನ್ನ ನೋಡ್ಕಳ್ರಿ. ನನ್ನ ತವರಿಂದ ನನ್ನ ಜೊತೆ ಬಂದಿರೋ ಜೀವ ಅದೊಂದೇ. ನಾನು ಬರೋತಂಕ ಅದಕ್ಕೇನೂ ಆಗಬಾರದು" ಎಂದಳು. ಕಣ್ಣಿನಲ್ಲಿ ನೀರಿತ್ತು. ಬಸುರಿ ಹೆಂಗಸು ತವರಿನಿಂದ ತಂದದ್ದು ಹೆರಿಗೆಗೆ ಮುಂಚೆ ಕೈಬಿಟ್ಟುಹೋದರೆ ಒಳ್ಳೆಯದಲ್ಲವೆಂದು ಯಾವಳೋ ಪುಣ್ಯಾತ್ಗಿತ್ತಿ ಅವಳ ತಲೆಯಲ್ಲಿ ತುಂಬಿದ್ದಳು. ಇನ್ನೇನೋ ಹೇಳಲು ಬಾಯಿ ತೆರೆದವಳು, ಅವ್ವ ಹತ್ತಿರ ಬಂದದ್ದನ್ನು ಕಂಡು ಮುಚ್ಚಿಕೊಂಡಳು. ನಾನೋ, "ನನಗೆ ಬಿಡು, ಕಣ್ಣಾಗೆ ಕಣ್ಣಿಟ್ಟು ಕಾಯ್ತೀನಿ" ಎಂದು ಎದೆ ತಟ್ಟಿಕೊಂಡೆ. ನೋಡಿ, ಅನಾಹುತ ಶುರುವಾದದ್ದೇ ಅಲ್ಲಿ. ನಾನು ಲಕ್ಷ್ಯ ಕೊಡದೆ ಬಿಟ್ಟಿದ್ದರೆ ಎಲ್ಲವೂ ಸರಿಯಿರುತ್ತಿತ್ತು.

ನಮ್ಮ ಹಿತ್ತಲಿಗೂ ಪಕ್ಕದ ಹನುಮಕ್ಕನ ಹಿತ್ತಲಿಗೂ ನಡುವೆ ಒಂದು ಮಣ್ಣುಗೋಡೆ, ಗೋಡೆಯಲ್ಲೊಂದು ಕಿಂಡಿ. ಕಿಂಡಿ ಎಂದರೆ ನಮ್ಮ ಕಡೆಯವರಿಗೆ ಒನಕೆ ನೆನಪಾಗುವುದು ವಾಡಿಕೆ. ಈ ಕಿಂಡಿಯಲ್ಲಿ ಹಾದುಹೋಗುತ್ತಿದ್ದದ್ದು ಮಜ್ಜಿಗೆ ಚೊಂಬು, ಕರಿಬೇವು, ಒಲೆಗೆ ಕೆಂಡ. ಹನುಮಕ್ಕ ನಾಯಕರ ಪೈಕಿ, ಗಂಡ ತೀರಿಕೊಂಡವಳು, ಕೋಳಿ ಸಾಕಿಕೊಂಡಿದ್ದಳು. ಇಬ್ಬರು ಗಂಡುಮಕ್ಕಳು ಬಿಡುವಾದರೆ ಬಲೆ, ನಾಯಿ ತೆಗೆದುಕೊಂಡು ಗುಡ್ಡಕ್ಕೆ ಹೋಗುವವರು. ಉಡದ ಮಾಂಸಕ್ಕೆ ನಮ್ಮ ಸೀಮೆಯಲ್ಲಿ ಎಂಥ ಬೇಡಿಕೆಯೆಂದು ನಿಮಗೆ ಗೊತ್ತಿದೆ. ಗೌರಿ ಹೊರಟ ಮೂರನೆಯ ದಿನವೇ ನಾನು ಜವಾಬ್ದಾರಿಯಿಂದ ಎರಡು ಕೆಲಸ ಮಾಡಿದೆ. ಮಣ್ಣು ಕಲಸಿ ಕಿಂಡಿಯನ್ನು ಮುಚ್ಚಿದೆ. ಸಾವ್ಕಾರನನ್ನು ಹಿಡಿದು, ಕಾಳುಕಡಿ ಇಡುವ ಒಳಕೋಣೆಗೆ ಸೇರಿಸಿ ಅಗುಳಿ ಹಾಕಿದೆ. ಒಳ್ಳೆಯ ಭದ್ರವಾದ ಕೋಣೆ. ಗಾಳಿಯಿಲ್ಲ, ಬೆಳಕಿಲ್ಲ, ಇಲಿ ಕೂಡ ಹೊಗದಂತೆ ಕಲ್ಲು ಹಾಸಿದ್ದು. ಅಂದು ನೆಮ್ಮದಿಯಾಗಿ ಉಂಡೆ.

ಮರುದಿನ ಹಾಲಿನ ಬಟ್ಟಲು ಹಾಗೇ ಇತ್ತು. ಅದರ ಮರುದಿನವೂ. ಬಾಳೆಹಣ್ಣು ಕಪ್ಪಾಯಿತು, ಹಾಲಿನ ಮೇಲೆ ಕೆನೆ ಕಟ್ಟಿತು, ಸಾವ್ಕಾರ ಮೂಗು ಕೂಡ ಆ ಕಡೆ ಮಾಡಲಿಲ್ಲ. ಒಂದು ವಾರ ಕೊಬ್ಬೆಂದುಕೊಂಡೆ. ಎರಡನೆಯ ವಾರ ಗೌರಿಯನ್ನು ನೆನೆಸಿಕೊಂಡು ಕೊರಗುತ್ತಿದೆಯೆಂದು ಅವ್ವ ಹೇಳಿದಾಗ ನಕ್ಕೆ. ಮೂರನೆಯ ವಾರ ನಗು ನಿಂತಿತು. ಮಾರ್ಗಶಿರದ ಚಳಿ ಇಳಿದಿತ್ತು. ಆ ಪ್ರಾಣಿ ಮುಟ್ಟಿದರೆ ಕಲ್ಲಿನಷ್ಟು ತಣ್ಣಗೆ, ಕಣ್ಣು ಗುಳಿಬಿದ್ದು, ದಪ್ಪಗಿದ್ದ ಬಾಲದ ಬುಡ ಸೊರಗಿ ಎಲುಬು ಎದ್ದು, ಚರ್ಮ ಸಡಿಲವಾಗಿ ಪದರ ಪದರ ಸುಲಿಯುತ್ತಿತ್ತು. ತುಟಿಯಂಚಿನಲ್ಲಿ ಅಂಟು ಅಂಟಾದ ನೊರೆ. ಹತ್ತಿರ ಹೋದರೆ ಮೊದಲಿನಂತೆ ಬುಸುಗುಟ್ಟುತ್ತಲೂ ಇರಲಿಲ್ಲ. ಅದು ಬುಸುಗುಟ್ಟದೆ ಇರುವುದು ಇಷ್ಟು ಭಯ ಹುಟ್ಟಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಯ್ಯೋ, ಆಮೇಲಿನ ಉಪಚಾರವನ್ನು ಏನೆಂದು ಹೇಳಲಿ! ಹಾಲಿಗೆ ಬೆಲ್ಲ ಹಾಕಿದೆವು, ಬೆಲ್ಲ ಬೇಡವೆಂದರೆ ಜೇನು ಹಾಕಿದೆವು. ಅವ್ವ ರಾಗಿ ಅಂಬಲಿ ಕಾಯಿಸಿದಳು, ಸಜ್ಜಿಗೆ ಕೆದಕಿದಳು, ಪಾಯಸ ಮಾಡಿದಳು; ಹಬ್ಬಕ್ಕೂ ಕಾಣದ ಅಡುಗೆಯೆಲ್ಲ ಒಳಕೋಣೆಯ ನೆಲದ ಮೇಲೆ ಸಾಲಾಗಿ ಕೂತು ಹಳಸಿತು. ನಾನು ಮೊಣಕಾಲೂರಿ, ರುಮಾಲು ಕಳಚಿಟ್ಟು, ಒಂದು ಉಡದ ಮುಂದೆ "ಉಣ್ಣೋ ನಮ್ಮಪ್ಪ, ಒಂದು ತುತ್ತು ಉಣ್ಣೋ" ಎಂದು ಗೋಗರೆದೆ. ಉಡದ ಪಟ್ಟು ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡವನು ನಾನು. ಆ ದವಡೆ ಒಂದು ಎಳ್ಳುಕಾಳಿನಷ್ಟೂ ಸಡಿಲಲಿಲ್ಲ. ನಲವತ್ತು ಹುಡುಗರ ಬಾಯಿ ಮುಚ್ಚಿಸಬಲ್ಲ ಮೇಷ್ಟ್ರಿಗೆ ಒಂದು ಉಡದ ಬಾಯಿ ತೆರೆಸಲು ಆಗಲಿಲ್ಲ.

ಭೀಮಸಮುದ್ರದಿಂದ ಪಂಡಿತರೊಬ್ಬರನ್ನು ಗಾಡಿ ಕಳಿಸಿ ಕರೆಸಿದೆ. ಅವರು ಬಂದು, ಕಾಲು ತೊಳೆದು, ಉಪ್ಪಿಟ್ಟು ತಿಂದು, ರೋಗಿಯ ಮುಂದೆ ಕೂತು ನಾಡಿ ನೋಡಲು ಯಾವ ಕಾಲು ಹಿಡಿಯಬೇಕೆಂದು ಬಹಳ ಹೊತ್ತು ಯೋಚಿಸಿದರು. ಕೊನೆಗೆ ಮುಂದಿನ ಬಲಗಾಲು ಹಿಡಿದು ಕಣ್ಣು ಮುಚ್ಚಿ, "ಜಠರಾಗ್ನಿ ಮಂದ ಆಗೈತೆ" ಎಂದರು. ಶುಂಠಿ, ಹಿಪ್ಪಲಿ ಅರೆದು ಕೊಟ್ಟರು. ಉಣ್ಣದ ಪ್ರಾಣಿಗೆ ಔಷಧ ಉಣಿಸುವ ಬಗೆಯನ್ನು ಮಾತ್ರ ಹೇಳಲಿಲ್ಲ. ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ದನಿ ತಗ್ಗಿಸಿ, "ಮೇಷ್ಟ್ರೇ, ಒಂದು ವೇಳೆ ಹೆಚ್ಚುಕಮ್ಮಿ ಆದ್ರೆ ಮಣ್ಣು ಮಾಡಬ್ಯಾಡ್ರಿ, ನನಗೆ ಹೇಳಿ ಕಳಿಸ್ರಿ. ಉಡದ ಕೊಬ್ಬು ಮೊಣಕಾಲು ನೋವಿಗೆ ಭಾಳ ಚಲೋ" ಎಂದರು. ಅವರ ಮೊಣಕಾಲಿಗೆ ನಾನು ಅಂದು ಏನೂ ಮಾಡದೆ ಕಳಿಸಿದೆನಲ್ಲ, ಅದು ನನ್ನ ತಾಳ್ಮೆಗೆ ಸಾಕ್ಷಿ.

ಈ ನಡುವೆ ಯಲ್ಲದಕೆರೆಯಿಂದ ಕಾರ್ಡುಗಳು ಬರುತ್ತಿದ್ದವು. ನಾನೇ ಕಲಿಸಿದ ಅಕ್ಷರ, ನಾನೇ ತಿದ್ದಿದ ಒತ್ತು, ಕೊನೆಯ ಸಾಲು ಯಾವಾಗಲೂ "ಸಾಹುಕಾರನು ಕ್ಷೇಮವೇ?" ನಾನು "ಕ್ಷೇಮ" ಎಂದು ಬರೆಯುತ್ತಿದ್ದೆ. ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಹಲಗೆಯ ಮೇಲೆ ಬರೆದ ಕೈಯಲ್ಲೇ ಬರೆಯುತ್ತಿದ್ದೆ. ಆದರೆ ಬರೆದು ಅಂಚೆಗೆ ಹಾಕಿ ಬಂದವನು ನೆಟ್ಟಗೆ ಒಳಕೋಣೆಗೆ ಹೋಗಿ ಅಗುಳಿ ತೆಗೆದು ನೋಡುತ್ತಿದ್ದೆ. ಉಡ ಸತ್ತರೆ ಸಾಯಲಿ, ಗುಂಡಿ ತೋಡಿ ಮುಚ್ಚಿದರಾಯಿತು ಎಂದು ಸಿಟ್ಟಿನಲ್ಲಿ ಅಂದುಕೊಂಡದ್ದುಂಟು. ಆ ಸುದ್ದಿ ತಿಂಗಳು ತುಂಬುತ್ತಿರುವ ಆ ಹೆಣ್ಣಿನ ಕಿವಿಗೆ ಹೇಗೆ ಬೀಳುತ್ತದೆ, ಬಿದ್ದ ಮೇಲೆ ಅವಳು ಯಾವ ಧೈರ್ಯದಲ್ಲಿ ಹೆರುತ್ತಾಳೆ ಎಂಬುದು ನೆನಪಾದರೆ ಮತ್ತೆ ಹಾಲು ಕಾಯಿಸಲು ಓಡುತ್ತಿದ್ದೆ. ಕೊನೆಗೊಂದು ದಿನ, ಹೇಗೋ ಹೇಗೋ ಸುತ್ತಿಬಳಸಿ, "ಇತ್ತೀಚೆಗೆ ಹಾಲಿನಲ್ಲಿ ಅದಕ್ಕೆ ಅಷ್ಟು ರುಚಿ ಕಾಣುವುದಿಲ್ಲ, ನೀನು ಬೇರೇನಾದರೂ ಕೊಡುತ್ತಿದ್ದುದುಂಟೋ?" ಎಂದು ಬರೆದೆ. ಹೋದ ಅಂಚೆಗೇ ಕಾದಿದ್ದಂತೆ ಉತ್ತರ ಬಂತು. ಕ್ಷೇಮಸಮಾಚಾರವಿಲ್ಲ, ನಮಸ್ಕಾರವಿಲ್ಲ. "ಈಗಿಂದೀಗಲೇ ಹನುಮಕ್ಕನನ್ನು ಕೇಳಿ" ಎಂಬ ಒಂದೇ ಸಾಲು.

ನಮ್ಮ ಮನೆಯ ಉಡದ ಊಟಕ್ಕೂ ಹನುಮಕ್ಕನಿಗೂ ಏನು ಸಂಬಂಧ? ನನಗೆ ರೇಗಿಹೋಯಿತು. ಕಾರ್ಡು ಹಿಡಿದುಕೊಂಡೇ ಹಿತ್ತಲಿಗೆ ಹೋಗಿ ಗೋಡೆಯ ಮೇಲಿಂದ ಇಣುಕಿದೆ. ಅವಳು ರಾಗಿ ಕೇರುತ್ತಿದ್ದಳು.

"ಹನುಮಕ್ಕ, ನಮ್ಮ ಉಡ ಏನು ತಿಂತಿತ್ತು ಅಂತ ನಿನಗೇನಾದ್ರೂ ಗೊತ್ತೇನು?"

ಮೊರ ನಿಂತಿತು. "ಹಾಲು, ಬಾಳೆಹಣ್ಣು. ಊರಿಗೇ ಗೊತ್ತಲ್ಲ ಸ್ವಾಮಿ" ಎಂದಳು, ನೆಲ ನೋಡುತ್ತಾ.

"ಗೌರಿ ಕಾರ್ಡು ಬರ್ದಾಳೆ. ನಿನ್ನನ್ನೇ ಕೇಳು ಅಂದಾಳೆ. ಅದು ಬದುಕೋ ಲಕ್ಷಣ ಇಲ್ಲ, ಹೇಳು ಮಾರಾಯ್ತಿ."

ಅವಳು ಮೊರ ಕೆಳಗಿಟ್ಟು ಗೋಡೆಯ ಬಳಿ ಬಂದಳು. "ಬೈಯಬ್ಯಾಡ್ರಿ ಮೇಷ್ಟ್ರೇ. ಆರು ವರ್ಸದಿಂದ ದಿನಾ ಒಂದು ತತ್ತಿ ಆ ಕಿಂಡ್ಯಾಗೆ ಇಡ್ತಿದ್ದೆ. ಗೌರವ್ವ ತಗಂಡು ಅದಕ್ಕೆ ಹಾಕ್ತಿದ್ಲು. ಹಾಲು ಕುಡೀತಿದ್ದುದು ನಮ್ಮನೆ ಬೆಕ್ಕು, ಬಾಳೆಹಣ್ಣು ಕುಕ್ತಿದ್ದುದು ನಮ್ಮ ಕೋಳಿ. ಊರಿಗೆ ಹೋಗೋ ದಿನಾನೂ ಹೇಳಿದ್ಲು, ನೀನು ಇಡು ಹನುಮಕ್ಕ, ಅದೇ ಬಂದು ತಗಂತೈತೆ ಅಂತ. ಎಲ್ಡು ದಿನ ಇಟ್ಟೆ. ಮೂರನೇ ದಿನ ಬಂದು ನೋಡ್ತೀನಿ, ಕಿಂಡಿ ಮುಚ್ಚೈತೆ."

"ಮತ್ತೆ ಇಷ್ಟು ದಿನ ಒಂದು ಮಾತು ಹೇಳಬಾರದಿತ್ತೇನವ್ವ?"

"ಏನಂತ ಹೇಳ್ಲಿ? ನಿಮ್ಮ ಹಿತ್ಲಾಗೆ ತತ್ತಿ ಇಡ್ತೀನಿ ಅಂತ ನಿಮ್ಮ ಮುಂದೆ ನಿಂತ್ಕಂಡು ಹೇಳಾಕಾಗ್ತೈತಾ? ಅವ್ವಾರ ಕಿವಿಗೆ ಬಿದ್ರೆ?" ಸೆರಗಿನಿಂದ ಕೈಯ ರಾಗಿಹೊಟ್ಟು ಒರೆಸಿಕೊಂಡಳು. ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ, "ಅದೂ ಅಲ್ದೆ, ನನ್ನ ಮಕ್ಳು ಹಿಡ್ಕಂಡು ತಿಂದಾರು ಅಂತ ನೀವು ಮುಚ್ಚೀರಿ ಅಂತ ಗೊತ್ತಾತು. ಅದರ ಮ್ಯಾಲೆ ನಾನೇನು ಮಾತಾಡ್ಲಿ?" ಎಂದಳು.

ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆರು ವರ್ಷ ಉಣಿಸಿದ ಕೈಗೆ ಅಡ್ಡವಾಗಿ, ಉಣಿಸುತ್ತಿದ್ದವಳಿಂದಲೇ ಕಾಪಾಡುತ್ತೇನೆಂದು, ನಾನು ಗೋಡೆ ಮೆತ್ತಿದ್ದೆ. ಮೆತ್ತಿ, ಮೇಲೆ ನೀರು ಚಿಮುಕಿಸಿ ನುಣ್ಣಗೆ ಸಾರಿಸಿಯೂ ಇದ್ದೆ. "ತಪ್ಪಾತು ಹನುಮಕ್ಕ" ಎಂದೆ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ, "ಜೀವ ಐತಾ ಇನ್ನೂ? ಮೊದ್ಲು ಬಿಸಿಲಿಗೆ ತರ್ರಿ ಅದನ್ನ. ಕತ್ಲಾಗಿಟ್ರೆ ಉಂಡದ್ದಾದ್ರೂ ಹೆಂಗೆ ಅರಗ್ತೈತೆ?" ಎಂದು ಕೋಳಿಗೂಡಿನ ಕಡೆ ಓಡಿದಳು. ಪಂಡಿತರ ಜಠರಾಗ್ನಿ, ಈ ಹೆಂಗಸಿನ ಬಿಸಿಲು; ಗಾಡಿ ಕಳಿಸಿ, ಉಪ್ಪಿಟ್ಟು ತಿನ್ನಿಸಿ ತಿಳಿಯಲಾಗದ್ದು ಗೋಡೆಯಾಚೆಯೇ ಇತ್ತು.

ಹಾರೆ ತಂದು ಕಿಂಡಿ ಒಡೆಯತೊಡಗಿದೆ. ಒಳಗಿನಿಂದ ಅವ್ವ, "ಏನಪ್ಪ ಅದು ಸದ್ದು?" ಎಂದಳು. "ಕಿಂಡಿ ತೆಗೀತಿದ್ದೀನಿ ಅವ್ವ. ಗಾಳಿ ಆಡಂಗಿಲ್ಲ" ಎಂದೆ. ಹಿತ್ತಲಿಗೆ ಮೇಲೆ ಸೂರಿಲ್ಲ, ಗಾಳಿಗೇನು ಬರ. ಅವ್ವ ಹಿತ್ತಲಿಗೆ ಇಣುಕದೆಯೇ, "ಗಾಳಿ ಬೇಕು, ತೆಗಿ" ಎಂದಳು.

ಕಿಂಡಿಯಲ್ಲಿ ಮೊಟ್ಟೆ ಬಂತು. ಮೊಟ್ಟೆ ಎಂಬ ಮಾತನ್ನೇ ನಮ್ಮ ಮನೆಯಲ್ಲಿ ಆಡುವುದಿಲ್ಲ. ಕೋಳಿ ಕೂಗೋ ಹೊತ್ತು ಎನ್ನಬೇಕಾದ ಕಡೆಯಲ್ಲೂ ಅವ್ವ ನಸುಕು ಎನ್ನುವಳು. ಮೂವತ್ತು ದಾಟಿದ ನಾನು, ಎದೆಯ ಮೇಲೆ ಲಿಂಗ ಕಟ್ಟಿಕೊಂಡವನು, ಮೊದಲ ಬಾರಿಗೆ ಅದನ್ನು ಅಂಗೈಯಲ್ಲಿ ಹಿಡಿದೆ. ಅಷ್ಟು ಬೆಚ್ಚಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಹನುಮಕ್ಕ ಆಚೆಯಿಂದ ಹೇಳಿಕೊಟ್ಟಂತೆ ಒಡೆದು, ಕುಡಿಕೆಯಲ್ಲಿ ಕದಡಿ, ಮುತ್ತುಗದ ಎಲೆ ಸುತ್ತಿ ಸಾವ್ಕಾರನ ಬಾಯಿಗೆ ಹನಿಸಲು ನೋಡಿದೆ. ಅರ್ಧ ನನ್ನ ಪಂಚೆಗೆ, ಅರ್ಧ ನೆಲಕ್ಕೆ. ದವಡೆ ಬಿಗಿದೇ ಇತ್ತು, ಬಿಡಿಸುವ ಬಲ ನನಗೂ ಇರಲಿಲ್ಲ, ತಾನಾಗಿ ತೆರೆಯುವ ಬಲ ಅದಕ್ಕೂ ಉಳಿದಿರಲಿಲ್ಲ. ನಾನು ಅಂದು ಎರಡು ಸಲ ಸ್ನಾನ ಮಾಡಿದೆ. ಎರಡನೆಯ ಸಲಕ್ಕೂ ಹಂಡೆಯಲ್ಲಿ ನೀರು ಕಾದಿತ್ತು. ಯಾಕೆಂದು ಅವ್ವ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಹೋದರೆ ಹೊಸ್ತಿಲ ಮೇಲೆ ಈ ಒಳಲೆ ಕೂತಿತ್ತು. ಬರುವ ಮೊಮ್ಮಗುವಿಗೆಂದು ಅವ್ವ ತಿಂಗಳ ಹಿಂದೆಯೇ ಪೆಟ್ಟಿಗೆಯಿಂದ ತೆಗೆದು, ಹುಣಿಸೆಹಣ್ಣು ಹಾಕಿ ತಿಕ್ಕಿ, ಯಾರೂ ಮುಟ್ಟಬಾರದೆಂದು ಬಟ್ಟೆ ಸುತ್ತಿಟ್ಟಿದ್ದ ಒಳಲೆಯೇ. ನಾನು ಅದನ್ನು ಕೈಗೆತ್ತಿಕೊಂಡು, "ಅವ್ವ, ಇದು ಮಗುವಿಗೆ..." ಎಂದೆ. ಅವಳು ಪೂಜೆಯ ಕೋಣೆಯ ಬಾಗಿಲಲ್ಲಿ, ನನ್ನ ಕಡೆ ಬೆನ್ನು ಮಾಡಿ ನಿಂತಿದ್ದಳು.

"ಮಗು ಬರಾಕೆ ಇನ್ನೂ ದಿನ ಐತೆ. ಅದು ಇವತ್ತೇ ಉಣ್ಬೇಕು" ಎಂದಳು. "ಇವತ್ತಿಂದ ನನ್ನ ಪೂಜೆ ಹೊತ್ತು ಹಿಡೀತೈತೆ. ಮುಗಿಯೋತಂಕ ನನ್ನ ಕರೀಬ್ಯಾಡ."

ಬಾಗಿಲು ಮುಚ್ಚಿತು, ಗಂಟೆ ಶುರುವಾಯಿತು. ನನಗೆ ಆಗ, ಆ ಕ್ಷಣಕ್ಕೆ, ಆರು ವರ್ಷದ ಮುಗಿಯದ ಪೂಜೆಗಳೆಲ್ಲ ಒಂದರ ಹಿಂದೆ ಒಂದು ಅರ್ಥವಾದವು. ಗೌರಿ ಹಿತ್ತಲಿನಿಂದ ಕೈ ತೊಳೆದು ಬರುವವರೆಗೆ ಅವ್ವನ ಕಣ್ಣು ಮುಚ್ಚಿರಬೇಕಾಗಿತ್ತು. ನಾನೊಬ್ಬನೇ ರೊಟ್ಟಿ ತಡವಾಯಿತೆಂದು ಶಿವನ ಮೇಲೆ ಮುನಿಸಿಕೊಂಡು ಓಡಾಡಿದ ದಡ್ಡ.

ನಿಮಗೆ ನಗು ಬಂದೀತು. ನನಗೆ ಇಂದಿಗೂ ಮೈ ಉರಿಯುತ್ತದೆ. ಒಂದು ಉಡ, ಅದಕ್ಕೆ ಬೇಕಾದದ್ದು ಒಂದು ಮೊಟ್ಟೆ, ಒಂದಿಷ್ಟು ಬಿಸಿಲು. ಅದನ್ನು ಗೌರಿ ಬಲ್ಲಳು, ಹನುಮಕ್ಕ ಬಲ್ಲಳು, ಅವ್ವ ಬಲ್ಲಳು. ಗೌರಿ ಅತ್ತೆಯ ಮರ್ಯಾದೆಗೆ ನನ್ನ ಹತ್ತಿರ ಹೇಳಲಿಲ್ಲ. ಹನುಮಕ್ಕ ನನ್ನ ಮರ್ಯಾದೆಗೆ ಬಾಯಿ ಬಿಡಲಿಲ್ಲ. ಅವ್ವ ಸೊಸೆಯ ಮರ್ಯಾದೆಗೆ ತನಗೆ ಗೊತ್ತೇ ಇಲ್ಲವೆಂದು ಪಾಯಸ ಕಾಯಿಸಿ ಕಾಯಿಸಿ ಇಟ್ಟಳು. ಹಾಲು, ಬಾಳೆಹಣ್ಣು ಎಂದು ಊರಿಗೆ ಹೇಳಿದ ಒಂದು ಮಾತನ್ನು ಕಾಯಲು ನಾಲ್ಕು ಜನ, ಒಬ್ಬರಿಗೊಬ್ಬರು ಎಷ್ಟು ಒಳ್ಳೆಯವರಾಗಿ ನಡೆದುಕೊಂಡೆವೆಂದರೆ, ಬಾಯಿಲ್ಲದ ಪ್ರಾಣಿಯೊಂದು ಐದು ವಾರ ಉಪವಾಸ ಬಿತ್ತು. ಅದು ಬಾಯಿ ಬಿಡುವುದಿಲ್ಲವೆಂದು ನಾನು ಎಷ್ಟು ಬೈದೆ! ಮನೆತುಂಬ ಬಾಯಿ ಬಿಡದವರೇ ಇದ್ದೆವು. ಮರ್ಯಾದೆ ಬೇಡವೆಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ಅತ್ತೆ ಸೊಸೆ ಒಂದೇ ಒಲೆಯಲ್ಲಿ ಅಡುಗೆ ಮಾಡುವುದು ಹೇಗೆ? ಆದರೆ ಅದಕ್ಕೂ ಗೋಡೆಗೆ ಇರುವಂತೆ ಕೈ ತೂರುವಷ್ಟು ಒಂದು ಕಿಂಡಿ ಇರಬೇಕು. ನಾನೋ, ಇದ್ದ ಒಂದನ್ನೂ ಮೆತ್ತಿದವನು.

ಒಳಲೆಯ ಮೂತಿ ದವಡೆಯ ಪಕ್ಕದ ಸಂದಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಮೊದಲ ದಿನ ನಾಲ್ಕು ಹನಿ ಇಳಿಯಿತು, ಮರುದಿನ ಎಂಟು. ಬೆಳಿಗ್ಗೆ ಅದನ್ನು ಬಿಸಿಲಿನ ಕಲ್ಲಿನ ಮೇಲೆ ಮಲಗಿಸಿ, ಉಪ್ಪುನೀರಿನಲ್ಲಿ ಬಾಯಂಚು ಒರೆಸಿ, ಸುಲಿದ ಚರ್ಮಕ್ಕೆ ಕೊಬ್ಬರಿಎಣ್ಣೆ ಸವರಿ, ತೊಡೆಯ ಮೇಲಿಟ್ಟುಕೊಂಡು ಹನಿಸುವುದು. ಗೋಡೆಯಾಚೆಯಿಂದ ಹನುಮಕ್ಕ "ತಲೆ ಎತ್ರಿ, ತಲೆ ಎತ್ರಿ, ಗಂಟಲಾಗೆ ಸಿಗ್ತೈತೆ" ಎನ್ನುವುದು. ಒಳಗೆ ಅವ್ವನ ಗಂಟೆ. ನಾನು ಉಡವನ್ನು ಬೈದುಕೊಂಡೇ ಇದ್ದೆ, ಬೈಯುತ್ತಲೇ ಅದರ ಹೊಟ್ಟೆ ಏಳುತ್ತದೆಯೇ ಇಳಿಯುತ್ತದೆಯೇ ಎಂದು ಬೆರಳಿಟ್ಟು ನೋಡುತ್ತಿದ್ದೆ. ಒಂದೊಂದು ದಿನ ಏಳುತ್ತಿದ್ದದ್ದು ತಿಳಿಯುತ್ತಲೇ ಇರಲಿಲ್ಲ. ಅಂಥ ದಿನ ಶಾಲೆಯಲ್ಲಿ ಏನು ಪಾಠ ಹೇಳಿದೆನೋ ದೇವರೇ ಬಲ್ಲ.

ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ, ಮೂತಿ ಇಟ್ಟದ್ದೇ ತಡ, ಸಾವ್ಕಾರ ಲಬಕ್ಕನೆ ಕಚ್ಚಿ ಹಿಡಿಯಿತು. ಎಳೆದೆ, ಬಿಡಲಿಲ್ಲ. ಗುಳಿಬಿದ್ದ ಕಣ್ಣನ್ನು ಪೂರ್ತಿ ತೆರೆದು, ಇವನ್ಯಾರೋ ಎಂಬ ಆ ಹಳೆಯ ನೋಟದಿಂದ ನನ್ನನ್ನು ನೋಡಿತು, ಬುಸ್ಸೆಂದಿತು. ಹನುಮಕ್ಕ ಕಿಂಡಿಯಲ್ಲಿ ಮುಖವಿಟ್ಟು, "ಎಳೀಬ್ಯಾಡ್ರಿ ಮೇಷ್ಟ್ರೇ, ಹಲ್ಲು ಮುರಿದಾವು! ಅದಕ್ಕೆ ಸಾಕನ್ನಿಸಿದಾಗ ಬಿಡ್ತೈತೆ" ಎಂದು ನಗತೊಡಗಿದಳು. ಅದಕ್ಕೆ ಸಾಕನ್ನಿಸಲಿಲ್ಲ. ಶಾಲೆಯ ಗಂಟೆ ಬಾರಿಸಿತು. ನಾನು ಬಿಸಿಲಿನಲ್ಲಿ, ಒಂದು ಕೈಯಲ್ಲಿ ಒಳಲೆ, ಒಳಲೆಗೆ ಜೋತುಬಿದ್ದ ಉಡ, ಹೀಗೆ ಕೂತೇ ಇದ್ದೆ. ಉಡ ಬಿಡದೆ ನಾನು ಏಳುವಂತಿಲ್ಲ, ನಾನು ಕೈ ತೊಳೆಯದೆ ಅವ್ವ ಪೂಜೆ ಮುಗಿಸುವಂತಿಲ್ಲ; ಒಳಗೆ ಮೂರನೆಯ ಸಲ ಮಂಗಳಾರತಿ ನಡೆಯಿತು. ಉಡದ ಪಟ್ಟು ಎಂದು ಬೈದಿದ್ದೆನಲ್ಲ, ಅದೇ ಪಟ್ಟು ನನ್ನ ಕೈಯನ್ನು ಜಗ್ಗುತ್ತಿದ್ದಾಗ ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಅತ್ತೆ. ಅಂದು ಬರೆದ ಕಾರ್ಡಿನಲ್ಲಿ "ಸಾಹುಕಾರನು ಕ್ಷೇಮ" ಎಂಬ ಸಾಲನ್ನು ಎರಡು ಸಲ ಬರೆದೆ.

ಮಾಘದಲ್ಲಿ ಹೆಣ್ಣು ಮಗುವಾಯಿತು. ಕಾರಹುಣ್ಣಿಮೆಗೆ ಮುಂಚೆ ಗೌರಿ ಮಗುವನ್ನೆತ್ತಿಕೊಂಡು ಬಂದಳು. ಗಾಡಿಯಿಂದ ಇಳಿದವಳು ನನ್ನನ್ನು ನೋಡಲಿಲ್ಲ, ಮಗುವನ್ನು ಅವ್ವನ ಕೈಗೆ ಕೊಟ್ಟು ನೆಟ್ಟಗೆ ಹಿತ್ತಲಿಗೆ ಹೋದಳು. ಸಾವ್ಕಾರ ಬಿಸಿಲಿನ ಕಲ್ಲಿನ ಮೇಲೆ ಹೊಟ್ಟೆ ಚೆಲ್ಲಿಕೊಂಡು ಬಿದ್ದಿತ್ತು, ಪಕ್ಕದಲ್ಲಿ ಕಿಂಡಿ ತೆರೆದಿತ್ತು. ಅವಳು ಎರಡನ್ನೂ ನೋಡಿದಳು. ನಾನು ರುಮಾಲು ಸರಿಮಾಡಿಕೊಂಡೆ.

ಮರುದಿನ ಅವ್ವ ಒಳಲೆಯಲ್ಲಿ ಹಾಲು ತುಂಬಿ ಗೌರಿಯ ಕೈಗಿತ್ತಳು. ಎಷ್ಟು ಸಲ ತಿಕ್ಕಿದ್ದಳೋ, ಹೊಸದರಂತೆ ಹೊಳೆಯುತ್ತಿತ್ತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡ ಗೌರಿಯ ಹೆಬ್ಬೆರಳು ಮೂತಿಯ ಮೇಲೆ ಸರಿದು ನಿಂತಿತು. ಮೇಲಿನ ಸಾಲು, ಕೆಳಗಿನ ಸಾಲು. ಅವಳು ತಲೆಯೆತ್ತಿ ನನ್ನ ಕಡೆ ನೋಡಿದಳು. ನಾನು ಸೂರಿನ ತೊಲೆ ಎಣಿಸುತ್ತಿದ್ದೆ. ಆಮೇಲೆ ಅತ್ತೆಯ ಕಡೆ ನೋಡಿದಳು.

ಅವ್ವ ಒಲೆಯ ಮುಂದೆ ಕೂತು, ಈ ಕಡೆ ತಿರುಗದೆ, ರೊಟ್ಟಿ ತಟ್ಟುತ್ತಲೇ ಹೇಳಿದಳು:

"ಹಳೇ ಒಳಲೆ ಕಣವ್ವ. ಎಷ್ಟು ಮಕ್ಳು ಉಂಡಾವೋ ಅದ್ರಾಗೆ."